ಬಾಡಿಗೆ ಮನೆ, ಅಡ್ವಾನ್ಸ್, ತಕರಾರು: ಕರ್ನಾಟಕದ ಬಾಡಿಗೆದಾರರಿಗೆ ಸಮಗ್ರ ಮಾರ್ಗದರ್ಶಿ

"ಮನೆ ಖಾಲಿ ಮಾಡಿ ಮೂರು ತಿಂಗಳಾಯ್ತು, ಅಡ್ವಾನ್ಸ್ ಇನ್ನೂ ಬಂದಿಲ್ಲ. ಫೋನ್ ಮಾಡಿದ್ರೆ ಎತ್ತೋದೇ ಇಲ್ಲ." ಬಾಡಿಗೆ ಮನೆಯ ಕಷ್ಟ ಹೇಳಿಕೊಳ್ಳುವವರಿಂದ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ನಾನು ತಿರುಗಿ ಕೇಳುವ ಪ್ರಶ್ನೆಯೂ ಪ್ರತಿಸಲ ಒಂದೇ: ನಿಮ್ಮ ಹತ್ತಿರ ಕಾಗದ ಏನಿದೆ? ಆಗ ಅವರ ಮುಖ ಬಾಡುತ್ತದೆ. ಅಡ್ವಾನ್ಸನ್ನು ನಗದಾಗಿ ಕೊಟ್ಟಿರುತ್ತಾರೆ, ರಸೀದಿ ಕೇಳಲು ಸಂಕೋಚಪಟ್ಟಿರುತ್ತಾರೆ, ಕರಾರು ಪತ್ರದ ಅವಧಿ ಮುಗಿದು ಎರಡು ವರ್ಷವಾಗಿರುತ್ತದೆ.

ಕಾನೂನು ಬಾಡಿಗೆದಾರರಿಗೆ ಕೊಟ್ಟಿರುವ ರಕ್ಷಣೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು. ಉಚಿತ ನೆರವೂ ಪ್ರತಿ ತಾಲ್ಲೂಕಿನಲ್ಲಿದೆ. ಆದರೆ ಎರಡೂ ಕೆಲಸಕ್ಕೆ ಬರುವುದು ನಿಮ್ಮ ಕೈಯಲ್ಲಿ ಪುರಾವೆ ಇದ್ದಾಗ. ಆದ್ದರಿಂದ ಜಗಳ ಹುಟ್ಟುವ ಮೊದಲು ಮಾಡಬೇಕಾದ ಕೆಲಸಗಳಿಗೂ ಇಲ್ಲಿ ಸಾಕಷ್ಟು ಜಾಗ ಕೊಟ್ಟಿದ್ದೇನೆ. ಈಗಾಗಲೇ ತೊಂದರೆಯಲ್ಲಿರುವವರು ನೇರವಾಗಿ ನಾಲ್ಕನೇ ಹಂತಕ್ಕೆ ಹೋಗಬಹುದು.

ಮೊದಲಿಗೆ: ನಿಮ್ಮ ಮನೆಗೆ ಅನ್ವಯಿಸುವ ಕಾನೂನು ಯಾವುದು?

ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಇದು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಕಟ್ಟಡಗಳಿಗೂ ಮೊದಲ 15 ವರ್ಷ ವಿನಾಯಿತಿ ಇದೆ. ಇಂದು ಬೆಂಗಳೂರಿನಲ್ಲಿ ಒಂದು ಕೋಣೆಗೂ 3,500 ಸಾಲದು. ಹಾಗಾಗಿ ಪೇಟೆಯ ಹಳೆಯ ವಠಾರದಲ್ಲಿ ದಶಕಗಳಿಂದ ಇರುವವರನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚಿನವರು ಈ ಕಾಯ್ದೆಯ ಹೊರಗಿದ್ದಾರೆ. ಒಳಗಿರುವವರ ಸ್ಥಾನ ಗಟ್ಟಿ: ಕಾಯ್ದೆಯಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡದೆ ಅವರನ್ನು ಎಬ್ಬಿಸುವಂತಿಲ್ಲ.

ಉಳಿದವರಿಗೆಲ್ಲ ಆಧಾರ ಎರಡು. ಒಂದು, ನೀವೇ ಸಹಿ ಹಾಕಿದ ಕರಾರು ಪತ್ರ. ಎರಡು, ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, 1882. ಕರಾರು ಏನೂ ಹೇಳದ ಕಡೆ ಈ ಕಾಯ್ದೆಯ 105ರಿಂದ 117ರವರೆಗಿನ ಕಲಮುಗಳು ಮಾತಾಡುತ್ತವೆ.

"ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಹೊಸ ಕಾನೂನು ಬಂದಿದೆ" ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಮೂಲ, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಮಾಲೀಕರನ್ನು ಕಟ್ಟಿಹಾಕುತ್ತದೆ. ಕರ್ನಾಟಕ ಅದನ್ನು ಅಳವಡಿಸಿಕೊಂಡಿಲ್ಲ. ಅಡ್ವಾನ್ಸ್ ಇಳಿಸಲು ಚೌಕಾಸಿ ಮಾಡುವಾಗ ಅದರ ಹೆಸರು ಹೇಳಿ, ತಪ್ಪಿಲ್ಲ. ನ್ಯಾಯಾಲಯದಲ್ಲಿ ಅದನ್ನೇ ನೆಚ್ಚಿಕೊಳ್ಳಬೇಡಿ.

ಹಂತ 1: ಅಡ್ವಾನ್ಸ್ ಕೊಡುವ ಮೊದಲು

ಮನೆ ತೋರಿಸಿದವರು ಮನೆಯ ಮಾಲೀಕರೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಆಸ್ತಿ ತೆರಿಗೆ ರಸೀದಿ, ಖಾತಾ, ವಿದ್ಯುತ್ ಬಿಲ್ಲು ಈ ಮೂರರಲ್ಲಿ ಎರಡನ್ನಾದರೂ ನೋಡಿ, ಹೆಸರು ತಾಳೆ ಹಾಕಿ. ಮಾಲೀಕರು ಬೇರೆ ಊರಲ್ಲಿದ್ದು ಅಣ್ಣನೋ ಭಾವನೋ ವ್ಯವಹಾರ ನೋಡಿಕೊಳ್ಳುತ್ತಿದ್ದರೆ ಅಧಿಕಾರ ಪತ್ರ ಕೇಳಿ. ಕೇಳಿದ್ದಕ್ಕೇ ಮುನಿಸಿಕೊಳ್ಳುವ ಮಾಲೀಕರು, ನಾಳೆ ಅಡ್ವಾನ್ಸ್ ಕೇಳಿದಾಗ ಹೇಗೆ ನಡೆದುಕೊಳ್ಳಬಹುದು ಎಂಬುದನ್ನು ಇಂದೇ ತೋರಿಸುತ್ತಿದ್ದಾರೆ ಎಂದೇ ನನ್ನ ಅನುಭವ.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಮಾಲೀಕರ ಸ್ವಂತ ಖಾತೆಗೇ ಹಾಕಿ, ವಿವರಣೆಯ ಜಾಗದಲ್ಲಿ "ಅಡ್ವಾನ್ಸ್" ಎಂದು ಬರೆಯಿರಿ. ನಗದೇ ಬೇಕೆಂದು ಹಟ ಹಿಡಿದರೆ ಸಹಿ ಮಾಡಿದ ರಸೀದಿ ಇಲ್ಲದೆ ಒಂದು ನೋಟನ್ನೂ ಕೊಡಬೇಡಿ. ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಕೊಡಬಹುದು.

ಹಂತ 2: ಕರಾರು ಪತ್ರವನ್ನು ಓದಿ ಸಹಿ ಹಾಕಿ

ಎಲ್ಲರೂ 11 ತಿಂಗಳಿಗೇ ಕರಾರು ಮಾಡುವುದೇಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ಬೇಡವೆಂದು 11 ತಿಂಗಳು. "12 ವರ್ಷ ಇದ್ದರೆ ಮನೆ ಬಾಡಿಗೆದಾರನದ್ದೇ ಆಗುತ್ತೆ" ಎಂಬ ಮಾಲೀಕರ ಭಯಕ್ಕೂ 11 ತಿಂಗಳಿಗೂ ಸಂಬಂಧವಿಲ್ಲ. ಮಾಲೀಕರ ಒಪ್ಪಿಗೆಯಿಂದ, ಬಾಡಿಗೆ ಕೊಡುತ್ತಾ ಇರುವವರಿಗೆ ಎಷ್ಟು ವರ್ಷ ಕಳೆದರೂ ಮಾಲೀಕತ್ವ ಬರುವುದಿಲ್ಲ. ಈ ಮಾತನ್ನು ಅವರಿಗೆ ಸಮಾಧಾನವಾಗಿ ಹೇಳಿದರೆ ಎಷ್ಟೋ ಅನುಮಾನ ಕರಗುತ್ತದೆ.

ಇ-ಸ್ಟಾಂಪ್ ಕಾಗದ ಇಬ್ಬರ ಹೆಸರಿನಲ್ಲೂ ಇರಲಿ. ಸರಿಯಾದ ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ನ್ಯಾಯಾಲಯ ಹಾಗೆಯೇ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಡಿಮೆ ಬಿದ್ದ ಶುಲ್ಕದ ಜೊತೆ ಅದರ ಹತ್ತುಪಟ್ಟು ದಂಡ ಕಟ್ಟಿ ಅಂಗೀಕರಿಸಿಕೊಳ್ಳಬೇಕಾಗುತ್ತದೆ. ಇಂದು ಉಳಿಸಿದ ನೂರು ರೂಪಾಯಿ ಅಂದು ಸಾವಿರವಾಗುತ್ತದೆ.

ಪತ್ರದಲ್ಲಿ ನಾನು ಮೊದಲು ನೋಡುವುದು ಅಡ್ವಾನ್ಸಿನ ವಾಕ್ಯ. "ಮನೆ ಖಾಲಿ ಮಾಡಿದಾಗ ಹಿಂತಿರುಗಿಸತಕ್ಕದ್ದು" ಎಂದಷ್ಟೇ ಇದ್ದರೆ ಸಾಲದು. ಕೀಲಿ ಒಪ್ಪಿಸಿದ ದಿನವೇ ಅಥವಾ ಇಷ್ಟು ದಿನದೊಳಗೆ ಎಂದು ಬರೆಸಿ, ತಡವಾದರೆ ಬಡ್ಡಿ ಎಷ್ಟು ಎಂಬುದನ್ನೂ ಸೇರಿಸಿ. ಬಣ್ಣ ಬಳಿಯಲು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿಯಾಗಿಬಿಟ್ಟಿದೆ. ಅದು ರೂಢಿಯಷ್ಟೇ, ಕಾನೂನಲ್ಲ. ಕರಾರಿನಲ್ಲಿ ಒಪ್ಪಿ ಸಹಿ ಹಾಕಿದರೆ ಮಾತ್ರ ನಿಮ್ಮನ್ನು ಬಂಧಿಸುತ್ತದೆ. ಒಪ್ಪಲೇಬೇಕಾದರೆ ಮೊತ್ತಕ್ಕೊಂದು ಮಿತಿ ಹಾಕಿಸಿ, ಆರು ತಿಂಗಳಿಗೇ ಬಿಟ್ಟುಹೋದರೆ ಅರ್ಧ ಎಂಬಂತೆ ಮಾತಾಡಿ.

ಆಮೇಲೆ ನೋಟಿಸ್ ಅವಧಿ. ಬಾಡಿಗೆದಾರರು ಎರಡು ತಿಂಗಳ ಮುಂಚೆ ಹೇಳಬೇಕು, ಮಾಲೀಕರು ಒಂದು ತಿಂಗಳ ಮುಂಚೆ ಹೇಳಿದರೆ ಸಾಕು ಎಂಬಂಥ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಸಮ ಮಾಡಿಸಿ. ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರುತ್ತದೆ, ನೀರು ಮತ್ತು ನಿರ್ವಹಣೆಯ ಹಣ ಬಾಡಿಗೆಯಲ್ಲಿ ಸೇರಿದೆಯೇ, ದೊಡ್ಡ ದುರಸ್ತಿ ಯಾರ ತಲೆಗೆ, ಇವೂ ಬರಹದಲ್ಲಿರಲಿ. ಬಾಡಿಗೆ ಕಾಯ್ದೆಯ ಹೊರಗಿರುವ ಮನೆಗಳಿಗೆ ಬಾಡಿಗೆ ಏರಿಕೆಯ ಮಿತಿ ಇಲ್ಲ. ನಿಮಗಿರುವ ಮಿತಿ ಈ ಪತ್ರ ಒಂದೇ. ಕರಾರಿನ ಅವಧಿಯೊಳಗೆ ಅದರಲ್ಲಿ ಇಲ್ಲದ ಏರಿಕೆಯನ್ನು ಕೇಳಿದರೆ ಒಪ್ಪಬೇಕಾದ ಹೊಣೆ ನಿಮಗಿಲ್ಲ.

ಹಂತ 3: ಮನೆ ಸೇರುವ ದಿನದ ಹತ್ತು ನಿಮಿಷ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೋ ಮಾಡಿ. ಗೋಡೆಯ ತೇವ, ಒಡೆದ ಟೈಲ್ಸು, ಸೋರುವ ನಲ್ಲಿ, ಕಿಟಕಿಯ ಗಾಜು, ವಿದ್ಯುತ್ ಮೀಟರಿನ ಅಂಕಿ ಎಲ್ಲವೂ ಬರಲಿ. ಅದನ್ನು ಅಂದೇ ಮಾಲೀಕರಿಗೆ ವಾಟ್ಸಾಪ್ ಮಾಡಿ, "ಇಂದು ಮನೆಯ ಸ್ಥಿತಿ ಹೀಗಿದೆ" ಎಂದು ಒಂದು ಸಾಲು ಬರೆಯಿರಿ. ವರ್ಷಗಳ ನಂತರ ಅಡ್ವಾನ್ಸಿನಲ್ಲಿ ಹಣ ಮುರಿಯಲು ಹೊರಟಾಗ ಈ ಒಂದು ಸಾಲು ನಿಮ್ಮ ಪರ ನಿಲ್ಲುತ್ತದೆ. ಫೋನ್ ಬದಲಿಸಿದರೂ ಆ ಸಂಭಾಷಣೆಯನ್ನು ಅಳಿಸಬೇಡಿ, ಸಾಧ್ಯವಾದರೆ ಹಳೆಯ ಫೋನನ್ನೇ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರವೊಂದು ಬೇಕು. ಮೂಲ ಸಾಧನ ನಿಮ್ಮ ಬಳಿ ಇದ್ದರೆ ಆ ಕೆಲಸ ಸುಲಭ.

ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಇದೆ. ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿಯೇ ಉಳಿದಿದ್ದರೆ ಅದನ್ನು ಬಿಡಿಸಿ ನಿಮ್ಮದನ್ನು ಸೇವಾಸಿಂಧು ಮೂಲಕ ಜೋಡಿಸಿಕೊಳ್ಳಿ. ಬಿಟ್ಟುಹೋಗುವಾಗ ನೀವೂ ಮರೆಯದೆ ಬಿಡಿಸಿ.

ಭೋಗ್ಯಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ಮುಳುಗುವುದು ಒಂದೆರಡು ತಿಂಗಳ ಬಾಡಿಗೆಯಲ್ಲ, ಇಡೀ ಜೀವಮಾನದ ಉಳಿತಾಯ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಊರಲ್ಲಿ ಭೋಗ್ಯ ಎನ್ನುತ್ತೇವೆ, ನಗರದಲ್ಲಿ ಲೀಸ್ ಎನ್ನುತ್ತಾರೆ. ಹೆಸರು ಲೀಸ್ ಎಂದಿದ್ದರೂ ಪತ್ರದ ಒಕ್ಕಣೆ ನೋಡಿದರೆ ಹಲವು ಸಲ ಅದು ಸ್ವಾಧೀನಸಹಿತ ಅಡಮಾನ. ಸರಿಯಾಗಿ ನೋಂದಾಯಿಸಿದ ಭೋಗ್ಯಪತ್ರ ಇದ್ದರೆ ಹಣ ಮರಳಿ ಬರುವವರೆಗೆ ಮನೆಯ ಸ್ವಾಧೀನ ನಿಮ್ಮಲ್ಲೇ ಉಳಿಯುತ್ತದೆ. ನೋಂದಣಿ ಇಲ್ಲದ ನೋಟರಿ ಪತ್ರಕ್ಕೆ ಆ ಬಲವಿಲ್ಲ. ನೋಟರಿ ಮೊಹರು ಎಂದರೆ ನೋಂದಣಿ ಎಂದು ನಂಬಿ ಕೆಟ್ಟವರು ಒಬ್ಬಿಬ್ಬರಲ್ಲ.

ಅಪಾಯ ಬರುವುದು ಎರಡು ದಾರಿಯಲ್ಲಿ. ಮಾಲೀಕರು ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ತೆಗೆದಿರುತ್ತಾರೆ, ಕಂತು ನಿಲ್ಲಿಸುತ್ತಾರೆ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಬಂದಾಗಲೇ ನಿಮಗೆ ಗೊತ್ತಾಗುತ್ತದೆ. ಎರಡನೆಯದು ಮಧ್ಯವರ್ತಿ. ಅವನು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು ನಿಮಗೆ ಭೋಗ್ಯಕ್ಕೆ ಕೊಡುತ್ತಾನೆ, ಕೆಲವು ತಿಂಗಳು ಬಾಡಿಗೆ ಕಟ್ಟಿ ಕಾಣೆಯಾಗುತ್ತಾನೆ. ಮಾಲೀಕರ ಕಣ್ಣಲ್ಲಿ ನೀವು ಯಾರೋ.

ಆದ್ದರಿಂದ: ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಬ್ಯಾಂಕಿನ ಎಲ್ಲ ಅಡಮಾನಗಳೂ ಇ.ಸಿ.ಯಲ್ಲಿ ಕಾಣಲೇಬೇಕೆಂದಿಲ್ಲ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕೆಂದು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಪತ್ರ ಬ್ಯಾಂಕಿನಲ್ಲಿರಬಹುದು. ಅಡಮಾನಗಳ ಕೇಂದ್ರ ನೋಂದಣಿ ಸಂಸ್ಥೆ ಸರ್ಸಾಯ್‌ನ ಜಾಲತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಒಪ್ಪಂದ ಮಾಲೀಕರ ಜೊತೆ ನೇರವಾಗಿ, ಹಣ ಮಾಲೀಕರ ಖಾತೆಗೆ, ಪತ್ರಕ್ಕೆ ನೋಂದಣಿ. ಈ ಮೂರರಲ್ಲಿ ಒಂದಕ್ಕೆ ಮಾಲೀಕರು ಒಪ್ಪದಿದ್ದರೂ ಆ ಮನೆ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿರಲಿ. ಈಗಾಗಲೇ ಬ್ಯಾಂಕಿನ ನೋಟಿಸ್ ಬಾಗಿಲಿಗೆ ಅಂಟಿಸಿದ್ದರೆ ತಡಮಾಡದೆ ವಕೀಲರನ್ನು ಕಾಣಿ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಇರುವ ಸಮಯ ಬ್ಯಾಂಕಿನ ಕ್ರಮದಿಂದ 45 ದಿನ.

ಹಂತ 4: ವಾಸವಿರುವಾಗಿನ ತೊಂದರೆಗಳು

ದುರಸ್ತಿಯಿಂದ ಶುರು ಮಾಡೋಣ. ಮೇಲ್ಛಾವಣಿ ಸೋರುತ್ತಿದೆ, ಮಾಲೀಕರು ತಲೆ ಕೆಡಿಸಿಕೊಳ್ಳುತ್ತಿಲ್ಲ. ದುರಸ್ತಿ ಅವರ ಹೊಣೆಯಾಗಿದ್ದು, ನೀವು ತಿಳಿಸಿದ ಮೇಲೂ ನ್ಯಾಯವಾದ ಸಮಯದೊಳಗೆ ಮಾಡಿಸದಿದ್ದರೆ ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಕಾಯ್ದೆಯ 108ನೇ ಕಲಮಿನ 'ಎಫ್' ಖಂಡ ಹೇಳುತ್ತದೆ. ಇದನ್ನು ಬಳಸುವ ಕ್ರಮ ಮುಖ್ಯ. ಫೋಟೋ ಸಮೇತ ಬರಹದಲ್ಲಿ ತಿಳಿಸಿ, ದಿನಾಂಕದ ಗಡುವು ಕೊಡಿ, ಎರಡು ಕಡೆಯಿಂದ ಖರ್ಚಿನ ಅಂದಾಜು ಪಡೆದು ಕಳಿಸಿ, ಗಡುವು ಮುಗಿದ ಮೇಲೆ ಮಾಡಿಸಿ, ಬಿಲ್ಲಿನ ಪ್ರತಿಯ ಜೊತೆ ಉಳಿದ ಬಾಡಿಗೆ ಕಟ್ಟಿ. ಸಿಟ್ಟಿನಲ್ಲಿ ಇಡೀ ಬಾಡಿಗೆಯನ್ನೇ ನಿಲ್ಲಿಸಬೇಡಿ. ಬಾಡಿಗೆ ನಿಂತ ಕ್ಷಣ ನೀವು ಸುಸ್ತಿದಾರರು, ಮಾಲೀಕರ ಕೈಗೆ ಕಾರಣ ಸಿಕ್ಕಿತು. ಕರಾರಿನಲ್ಲಿ ದುರಸ್ತಿಯೆಲ್ಲ ಬಾಡಿಗೆದಾರರದ್ದೇ ಎಂದಿದ್ದರೆ ಈ ದಾರಿ ಇಲ್ಲ.

ಬಾಡಿಗೆ ಕಟ್ಟುತ್ತಾ ಕರಾರು ಪಾಲಿಸುವವರಿಗೆ ಯಾರ ಅಡ್ಡಿಯೂ ಇಲ್ಲದೆ ವಾಸಿಸುವ ಹಕ್ಕಿದೆ ಎಂಬುದೂ ಅದೇ 108ನೇ ಕಲಮಿನ ಮಾತು. ಮನೆ ಅವರದ್ದೇ ಆದರೂ ನೀವಿಲ್ಲದಾಗ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದು ಬರುವ ಅಧಿಕಾರ ಅವರಿಗಿಲ್ಲ.

ಮಾಲೀಕರು ಬಾಡಿಗೆ ತೆಗೆದುಕೊಳ್ಳಲು ನಿರಾಕರಿಸುವುದೂ ಉಂಟು. ಆಮೇಲೆ ಬಾಡಿಗೆ ಬಾಕಿ ಎಂದು ದಾವೆ ಹಾಕಲು ಹೂಡುವ ಉಪಾಯ ಅದು. ಹಿಂದೆ ಹಣ ಹಾಕುತ್ತಿದ್ದ ಖಾತೆಗೇ ತಪ್ಪದೆ ಹಾಕಿ. ಖಾತೆ ಮುಚ್ಚಿದ್ದರೆ ಡಿಮ್ಯಾಂಡ್ ಡ್ರಾಫ್ಟ್ ತೆಗೆದು ಪತ್ರದೊಂದಿಗೆ ಅಂಚೆಯಲ್ಲಿ ಕಳಿಸಿ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೆಯೇ ತೆಗೆದಿಡಿ.

ವಾಸವಿರುವಾಗಲೇ ಮನೆ ಮಾರಾಟವಾದರೆ ಹೊಸ ಮಾಲೀಕರು ಹಳೆಯವರ ಜಾಗಕ್ಕೆ ಬರುತ್ತಾರೆ, ನಿಮ್ಮ ಕರಾರು ಮುರಿದುಬೀಳುವುದಿಲ್ಲ. ನಿಮ್ಮ ಅಡ್ವಾನ್ಸ್ ತಮಗೆ ವರ್ಗವಾಗಿದೆ, ಹಿಂತಿರುಗಿಸುವ ಹೊಣೆ ತಮ್ಮದು ಎಂದು ಹೊಸಬರಿಂದ ಬರೆಸಿಕೊಳ್ಳುವವರೆಗೆ ಹಳಬರನ್ನು ಬಿಡಬೇಡಿ.

ಹಂತ 5: "ಮನೆ ಖಾಲಿ ಮಾಡಿ" ಎಂದಾಗ

ತಿಂಗಳ ಲೆಕ್ಕದ ಬಾಡಿಗೆಗೆ, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, 15 ದಿನಗಳ ಲಿಖಿತ ನೋಟಿಸ್ ಬೇಕು. ಇದು 106ನೇ ಕಲಮು. ನೋಟಿಸ್ ನಿಮ್ಮ ಕೈ ಸೇರಿದ ದಿನದಿಂದ ಲೆಕ್ಕ. ಹಾಗೆಂದು 16ನೇ ದಿನ ನಿಮ್ಮನ್ನು ಹೊರಗೆ ಹಾಕಬಹುದು ಎಂದಲ್ಲ. ನೋಟಿಸಿನ ಅವಧಿ ಮುಗಿದರೆ ಮಾಲೀಕರಿಗೆ ಬರುವುದು ದಾವೆ ಹೂಡುವ ಹಕ್ಕು ಮಾತ್ರ. ಬೆಂಗಳೂರಿನಲ್ಲಿ ಇಂಥ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ತೀರ್ಪಾಗಿ, ಜಾರಿ ಆದೇಶ ಹಿಡಿದು ನ್ಯಾಯಾಲಯದ ಸಿಬ್ಬಂದಿಯಾದ ಅಮೀನರು ಬಂದಾಗಷ್ಟೇ ನಿಮ್ಮನ್ನು ಎಬ್ಬಿಸಬಹುದು. ಮಾಲೀಕರಾಗಲಿ, ಅವರ ಕಡೆಯ ಹುಡುಗರಾಗಲಿ, ಪೊಲೀಸರೇ ಆಗಲಿ, ನ್ಯಾಯಾಲಯದ ಆದೇಶವಿಲ್ಲದೆ ನಿಮ್ಮ ಒಂದು ಪಾತ್ರೆಯನ್ನೂ ಹೊರಗಿಡುವಂತಿಲ್ಲ. ಕರಾರಿನ ಅವಧಿ ಮುಗಿದಿದ್ದರೂ ಇದೇ ಮಾತು. ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಡುತ್ತೇನೆ ಎನ್ನುವವರು ಇದನ್ನೇ ನೆನಪಿಡಿ.

ನೋಟಿಸ್ ಬಂದರೆ ಓದದೆ ಮೂಲೆಗೆ ಎಸೆಯಬೇಡಿ. ಅದರಲ್ಲಿ ಹೇಳಿದ ಬಾಕಿ ಸುಳ್ಳಾಗಿದ್ದರೆ ಬ್ಯಾಂಕ್ ವಿವರದ ಸಮೇತ ಉತ್ತರ ಕೊಡಿ. ನಿಜವಾಗಿಯೂ ಬಾಕಿ ಇದ್ದು ಅದೇ ಕಾರಣಕ್ಕೆ ದಾವೆ ಬಂದಿದ್ದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ದಾವೆಯ ಖರ್ಚು ಕಟ್ಟಿ ಮನೆ ಉಳಿಸಿಕೊಡುವಂತೆ ಕೇಳಲು 114ನೇ ಕಲಮು ಅವಕಾಶ ಕೊಡುತ್ತದೆ. ಮಾಲೀಕರು ನಿಮಗೆ ಗೊತ್ತಾಗದಂತೆ ಏಕಪಕ್ಷೀಯ ಆದೇಶ ತರಬಹುದು ಎಂಬ ಭಯವಿದ್ದರೆ ನ್ಯಾಯಾಲಯದಲ್ಲಿ ಕೇವಿಯಟ್, ಅಂದರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ ಹಾಕಿಸಿ. ಅದು 90 ದಿನ ಕಾವಲಿರುತ್ತದೆ.

ಬೀಗ ಹಾಕಿದರೆ, ನೀರು ಕರೆಂಟು ಕಡಿದರೆ

ಸಂಜೆ ಕೆಲಸದಿಂದ ಬರುತ್ತೀರಿ, ಬಾಗಿಲಿಗೆ ಇನ್ನೊಂದು ಬೀಗ ಬಿದ್ದಿದೆ. ಬೀಗ ಒಡೆಯಬೇಡಿ, ಕೈ ಮಾಡಬೇಡಿ. ವಿಡಿಯೋ ಮಾಡಿ, 112ಕ್ಕೆ ಕರೆ ಮಾಡಿ. ಕರೆ ಮಾಡಿದ ಸಮಯವೂ ಒಂದು ದಾಖಲೆಯೇ. ಠಾಣೆಗೆ ಹೋದರೆ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎನ್ನುವುದು ಸಾಮಾನ್ಯ. ಬಾಡಿಗೆ ಬಾಕಿ ಸಿವಿಲ್ ವಿಷಯ, ನಿಜ. ಆದರೆ ಹೋಗಲು ಹಕ್ಕಿರುವ ಕಡೆಗೆ ಹೋಗದಂತೆ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಪರಾಧ, ಬೆದರಿಕೆ ಹಾಕುವುದು 351ರಡಿ ಅಪರಾಧ. ದೂರಿನಲ್ಲಿ ಬಾಡಿಗೆಯ ಕಥೆ ಕಡಿಮೆ ಇರಲಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಬೀಗ ಹಾಕಿದರು, ಏನೆಂದು ಬೆದರಿಸಿದರು, ಒಳಗೆ ಯಾರ ಔಷಧಿ, ಯಾವ ಮಗುವಿನ ಪುಸ್ತಕ ಸಿಕ್ಕಿಕೊಂಡಿದೆ ಎಂಬುದನ್ನು ಬರೆಯಿರಿ. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಬರಬೇಡಿ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ತೆರೆದಿರುತ್ತದೆ.

ಹೊರಹಾಕಿಯೇ ಬಿಟ್ಟಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಸ್ವಾಧೀನ ಮರಳಿಸಿ ಎಂದು ದಾವೆ ಹೂಡಬಹುದು. ಮನೆ ಯಾರದ್ದು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ನೀವು ವಾಸವಿದ್ದಿರಿ, ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರು ಎಂಬಷ್ಟೇ ಸಾಕು. ಗಡುವು ಆರು ತಿಂಗಳು. ರಾಜಿ ಆಗಬಹುದೆಂದು ಕಾಯುತ್ತಾ ಈ ಗಡುವು ಕಳೆದುಕೊಳ್ಳಬೇಡಿ. ಇನ್ನೂ ಒಳಗಿದ್ದು ಬೆದರಿಕೆ ಮಾತ್ರ ಇದ್ದರೆ ತಡೆಯಾಜ್ಞೆ ಕೇಳಿ.

ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮೂ ಸಂಪರ್ಕ ಕೇಳುವ ಹಕ್ಕನ್ನು ಮಾಲೀಕರಿಗೆ ಮಾತ್ರವಲ್ಲ, ವಾಸವಿರುವವರಿಗೂ ಕೊಟ್ಟಿದೆ. ಮೊದಲು 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916.

ಹಂತ 6: ಅಡ್ವಾನ್ಸ್ ವಾಪಸ್ ಪಡೆಯುವುದು

ಖಾಲಿ ಮಾಡುವ ತೀರ್ಮಾನವನ್ನು ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. ವಾಟ್ಸಾಪ್ ಅಥವಾ ಇಮೇಲಿನಲ್ಲಿ ದಿನಾಂಕ ಸಮೇತ ಬರೆಯಿರಿ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎನ್ನುವುದು ಜಾಣತನವೇ, ಆದರೆ ಮಾಲೀಕರು "ಸರಿ" ಎಂದು ಬರಹದಲ್ಲಿ ಒಪ್ಪಿದರೆ ಮಾತ್ರ.

ಕೊನೆಯ ದಿನ ಮತ್ತೆ ಖಾಲಿ ಮನೆಯ ವಿಡಿಯೋ, ಮೀಟರ್ ಅಂಕಿ, ಬಿಲ್ಲುಗಳ ರಸೀದಿ. ಮಾಲೀಕರ ಜೊತೆ ಮನೆ ಸುತ್ತಿ, ಏನೇನು ಮುರಿದುಕೊಳ್ಳುತ್ತಾರೆ ಎಂಬುದನ್ನು ಅಲ್ಲೇ ಬರೆಸಿಕೊಳ್ಳಿ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಮೂರು ವರ್ಷದಲ್ಲಿ ಮಾಸಿದ ಬಣ್ಣ ಸವೆತ. ಒಡೆದ ವಾಶ್‌ಬೇಸಿನ್ ಹಾನಿ. ಕೀಲಿ ಕೊಡುವಾಗ ಅಡ್ವಾನ್ಸ್ ಬರಲಿ. ಚೆಕ್ ಕೊಟ್ಟರೆ ದಿನಾಂಕ ನೋಡಿ, ಮೂರು ತಿಂಗಳು ದಾಟಿದ ಚೆಕ್ಕಿಗೆ ಬೆಲೆಯಿಲ್ಲ. ಅವಧಿಯೊಳಗೆ ಹಾಕಿದ ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಹಣ ಕೊಡಲು ಅವರಿಗೆ 15 ದಿನ ಸಮಯ, ಆಗಲೂ ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಕ್ರಿಮಿನಲ್ ದೂರು. ಈ ಲೆಕ್ಕ ತಪ್ಪಿದರೆ ಪ್ರಬಲವಾದ ಅಸ್ತ್ರವೊಂದು ಕೈಜಾರುತ್ತದೆ.

"ಮುಂದಿನ ವಾರ" ಎಂದು ಮುಂದೂಡುತ್ತಿದ್ದರೆ ಮೊದಲು ನೀವೇ ಇಂಥದೊಂದು ಪತ್ರ ಬರೆಯಿರಿ:

"ತಮ್ಮ ಮನೆಯನ್ನು ಇಂಥ ದಿನ ಖಾಲಿ ಮಾಡಿ ಕೀಲಿ ಒಪ್ಪಿಸಿದ್ದೇನೆ. ನಾನು ಇಂಥ ದಿನ ಬ್ಯಾಂಕ್ ಮೂಲಕ ಕೊಟ್ಟ ಅಡ್ವಾನ್ಸ್ ಇಷ್ಟು ರೂಪಾಯಿ. ಕರಾರಿನ ಇಂಥ ಷರತ್ತಿನಂತೆ ಅದು ಇಂಥ ದಿನ ಹಿಂತಿರುಗಬೇಕಿತ್ತು. ಈ ಪತ್ರ ತಲುಪಿದ 15 ದಿನದೊಳಗೆ ಪೂರ್ತಿ ಹಣ ಕೊಡಬೇಕು, ತಪ್ಪಿದರೆ ಈ ದಿನದಿಂದ ಬಡ್ಡಿಯನ್ನೂ ಸೇರಿಸಿ ವಸೂಲಿಗೆ ಕಾನೂನು ಕ್ರಮ ಕೈಗೊಳ್ಳುತ್ತೇನೆ. ಏನಾದರೂ ಮುರಿದುಕೊಳ್ಳುವುದಿದ್ದರೆ ಬಿಲ್ಲು ಸಮೇತ ತಿಳಿಸಿ."

ಬಡ್ಡಿಯ ಮಾತು ಸುಮ್ಮನೆ ಹಾಕಿದ್ದಲ್ಲ. ಬಡ್ಡಿ ಕೇಳುತ್ತೇನೆಂದು ಬರಹದಲ್ಲಿ ತಿಳಿಸಿದ ದಿನದಿಂದ ಅದನ್ನು ಕೊಡಿಸಲು ನ್ಯಾಯಾಲಯಕ್ಕೆ 1978ರ ಬಡ್ಡಿ ಕಾಯ್ದೆ ಅಧಿಕಾರ ಕೊಟ್ಟಿದೆ. ಪತ್ರವನ್ನು ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಜೋಪಾನ ಮಾಡಿ. ಹಲವರ ಹಣ ಈ ಪತ್ರಕ್ಕೇ ಬಂದುಬಿಡುತ್ತದೆ. ಬರದಿದ್ದರೆ ವಕೀಲರ ನೋಟಿಸ್, ಆಮೇಲೆ ಹಣ ವಸೂಲಿ ದಾವೆ. ಹಣ ಬರಬೇಕಿದ್ದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಕಾಲಮಿತಿ ಮೀರುತ್ತದೆ.

ಪಿ.ಜಿ. ಮತ್ತು ಇನ್ನು ಕೆಲವು ಸಂದರ್ಭ

ಪಿ.ಜಿ.ಯಲ್ಲಿರುವವರಿಗೆ ಇನ್ನೊಂದು ಸುಲಭ ದಾರಿಯಿದೆ. ಊಟ, ವಸತಿ ಒದಗಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ 'ಸೇವೆ'. ಠೇವಣಿ ಕೊಡದಿದ್ದರೆ, ಹೇಳಿದ ಸೌಲಭ್ಯ ಇಲ್ಲದಿದ್ದರೆ 1915ಕ್ಕೆ ಕರೆ ಮಾಡಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಬಿಬಿಎಂಪಿ 2024ರಲ್ಲಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತ್ತು. ದೂರಿನಲ್ಲಿ ಅದನ್ನು ಉಲ್ಲೇಖಿಸಿ.

ಗಂಡನ ಹೆಸರಲ್ಲಿ ಕರಾರು ಇರುವ ಮನೆಯಿಂದ ಹೆಂಡತಿಯನ್ನು ಹೊರಹಾಕಿದರೆ ಅದು ಬಾಡಿಗೆಯ ತಕರಾರಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬಾಡಿಗೆ ಮನೆಯೂ 'ಹಂಚಿಕೊಂಡ ಮನೆ'. ಅಲ್ಲೇ ಇರುವ ಹಕ್ಕನ್ನು ಉಳಿಸಲು ಅಥವಾ ಅಂಥದೇ ಇನ್ನೊಂದು ಮನೆಯ ಬಾಡಿಗೆ ಗಂಡನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ಜಾತಿ, ಧರ್ಮ, ಊಟ ಕೇಳಿ ಮನೆ ಇಲ್ಲ ಎನ್ನುವುದು ನಮ್ಮ ಊರುಗಳ ದೊಡ್ಡ ನೋವು. ಎಲ್ಲ ಬಗೆಯ ತಾರತಮ್ಯಕ್ಕೂ ನೇರ ಪರಿಹಾರ ಕೊಡುವ ಒಂದೇ ಕಾನೂನು ಇನ್ನೂ ಇಲ್ಲ ಎಂಬುದನ್ನು ಬೇಸರದಿಂದಲೇ ಹೇಳುತ್ತೇನೆ. ಆದರೆ ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ, ಎಚ್‌ಐವಿ ಇರುವವರಿಗೆ 2017ರ ಕಾಯ್ದೆ ಬಾಡಿಗೆ ಮನೆ ಪಡೆಯುವಲ್ಲಿ ತಾರತಮ್ಯವನ್ನು ಸ್ಪಷ್ಟ ಮಾತಿನಲ್ಲಿ ನಿಷೇಧಿಸಿವೆ.

ಹಂತ 7: ಉಚಿತ ನೆರವು ಎಲ್ಲಿ, ಹೇಗೆ

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಕ್ಕು ಬಿಡಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ ಇದೆ. ಕಚೇರಿ ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಎಷ್ಟೇ ಆದಾಯವಿದ್ದರೂ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿ ಇದೆ. ಹೋಗಲು ಹಿಂಜರಿಕೆಯಿದ್ದರೆ ಮೊದಲು 15100ಕ್ಕೆ ಕರೆ ಮಾಡಿ.

ಮಾಲೀಕರ ಜೊತೆ ಮಾತು ಮುರಿದಿದ್ದು, ಕೋರ್ಟಿನ ಓಡಾಟವೂ ಬೇಡ ಎನ್ನುವವರು ಅದೇ ಕಚೇರಿಯಲ್ಲಿ ದಾವೆಪೂರ್ವ ರಾಜಿಗೆ ಅರ್ಜಿ ಕೊಡಬಹುದು. ಪ್ರಾಧಿಕಾರವೇ ಮಾಲೀಕರಿಗೆ ನೋಟಿಸ್ ಕಳಿಸಿ ಕರೆಸುತ್ತದೆ. ಅಡ್ವಾನ್ಸಿನ ತಕರಾರಿಗೆ ಇದಕ್ಕಿಂತ ಒಳ್ಳೆಯ ಮೊದಲ ಬಾಗಿಲು ನನಗೆ ಗೊತ್ತಿಲ್ಲ. ನ್ಯಾಯಾಲಯದ ಲಕೋಟೆ ಕಂಡ ಕೂಡಲೇ ಫೋನ್ ಎತ್ತದವರೂ ಎತ್ತುತ್ತಾರೆ. ಅವರು ಬಾರದಿದ್ದರೆ ಎಳೆದು ತರುವ ಅಧಿಕಾರ ಅಲ್ಲಿಲ್ಲ, ಆಗ ದಾವೆಯೇ ದಾರಿ.

ಹೋಗುವಾಗ ಒಂದು ಫೈಲಿನಲ್ಲಿ ಇವಿರಲಿ: ಕರಾರು ಪತ್ರ, ಅಡ್ವಾನ್ಸ್ ಮತ್ತು ಬಾಡಿಗೆ ಕೊಟ್ಟ ಬ್ಯಾಂಕ್ ವಿವರ, ಮಾಲೀಕರ ಪೂರ್ಣ ಹೆಸರು ವಿಳಾಸ, ಸಂದೇಶಗಳ ಮುದ್ರಿತ ಪ್ರತಿ, ಕಳಿಸಿದ ಪತ್ರ ಮತ್ತು ಅಂಚೆ ರಸೀದಿ, ನಿಮ್ಮ ಗುರುತಿನ ಚೀಟಿ. ಮೇಲೆ ಒಂದು ಹಾಳೆಯಲ್ಲಿ ದಿನಾಂಕಗಳ ಪಟ್ಟಿ: ಎಂದು ಸೇರಿದಿರಿ, ಎಷ್ಟು ಕೊಟ್ಟಿರಿ, ಎಂದು ಬಿಟ್ಟಿರಿ, ಆಮೇಲೆ ಏನಾಯಿತು. ಕರಾರು ಪತ್ರವೇ ಇಲ್ಲದವರೂ ಹೋಗಿ. ಬಾಡಿಗೆ ಹಾಕಿದ ಬ್ಯಾಂಕ್ ದಾಖಲೆ, ಆ ವಿಳಾಸದ ಗ್ಯಾಸ್ ಬಿಲ್ಲು, ಮಗುವಿನ ಶಾಲೆಯ ದಾಖಲೆ, ಪಕ್ಕದ ಮನೆಯವರ ಮಾತು ಇವೆಲ್ಲ ನೀವು ಅಲ್ಲಿದ್ದಿರಿ ಎಂಬುದಕ್ಕೆ ಸಾಕ್ಷ್ಯವಾಗುತ್ತವೆ.

ರಾಜಿಯಾದರೆ ಆತುರಪಡಬೇಡಿ. "ಆದಷ್ಟು ಬೇಗ ಕೊಡುತ್ತೇನೆ" ಎಂಬ ವಾಕ್ಯಕ್ಕೆ ಸಹಿ ಹಾಕಬೇಡಿ. ಎಷ್ಟು ರೂಪಾಯಿ, ಯಾವ ದಿನಾಂಕದೊಳಗೆ, ಯಾವ ಖಾತೆಗೆ, ಕಂತು ತಪ್ಪಿದರೆ ಪೂರ್ತಿ ಮೊತ್ತ ಬಡ್ಡಿ ಸಮೇತ ಎಂದು ಬರೆಸಿ, ಅದನ್ನು ಲೋಕ ಅದಾಲತ್ತಿನ ಆದೇಶವಾಗಿ ಮಾಡಿಸಿಕೊಳ್ಳಿ. ಆ ಆದೇಶ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ಅಂತಿಮ ತೀರ್ಪಿನ ಆದೇಶಕ್ಕೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಮಾಲೀಕರು ಮತ್ತೆ ಮಾತು ತಪ್ಪಿದರೆ ಹೊಸ ದಾವೆ ಹೂಡಬೇಕಿಲ್ಲ, ನೇರವಾಗಿ ಜಾರಿ ಅರ್ಜಿ ಹಾಕಿದರಾಯಿತು. ದೃಢೀಕೃತ ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ.